ಹದ

ಹದವೆಂಬ ಮಾತು ಹುಟ್ಟಿದ್ದು ಹೊಲದಲ್ಲಿಯೋ ಅಡುಗೆಮನೆಯಲ್ಲಿಯೋ ಎಂದು ಪಂಡಿತರು ವಾದಿಸಬಹುದು. ಅದು ಪ್ರಯೋಗಶಾಲೆಗೂ ಸಲ್ಲುವ ಮಾತೆಂಬುದು ಬೇಗೂರಿನ ಮನೆಯೊಂದರಲ್ಲಿ ಒಂದು ಸಂಜೆ ತಿಳಿದುಬಂದಿತು. ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ, ಸುಮಾರು ಕ್ರಿ.ಶ. 890ರ ವೀರಗಲ್ಲಿನಿಂದ ಪ್ರಸಿದ್ಧವಾದ ಊರು ಅದು.

ಆ ಮನೆಯ ಮೊಮ್ಮಗಳು ರಸಾಯನಶಾಸ್ತ್ರದ ಸಂಶೋಧಕಿ. ಡೈಮೀಥೈಲ್ ಈಥರ್ ಎಂಬ ಅನಿಲವನ್ನು ವೇಗವರ್ಧಕದ ಮೇಲೆ ಹಾಯಿಸಿ ಎಥಿಲೀನ್, ಪ್ರೊಪಿಲೀನ್ ಎಂಬ ಹಗುರ ಓಲಿಫಿನ್‌ಗಳನ್ನು ಪಡೆಯುವುದು ಅವಳ ವಿಷಯ. “ಅದರಿಂದ ಯಾರಿಗೇನಮ್ಮ ಪ್ರಯೋಜನ?” ಎಂದು ಅಜ್ಜಿ ಒಮ್ಮೆ ಕೇಳಿದ್ದರು.

“ನೀವು ಕುಳಿತಿರುವ ಕುರ್ಚಿಯೇ ಪ್ರೊಪಿಲೀನಿನ ಕೂಸು, ಅಜ್ಜಿ. ಮಂಗಳೂರಿನ ಶುದ್ಧೀಕರಣಾಗಾರದಲ್ಲಿ 2015ರಿಂದ ಆ ಪ್ಲಾಸ್ಟಿಕ್ ತಯಾರಾಗುತ್ತಿದೆ. ಅದರ ಮೂಲ ಕಚ್ಚಾ ತೈಲ. ಚೀನದ ಬಾವೊಟೌನಲ್ಲಿ 2010ರಲ್ಲಿಯೇ ಕಲ್ಲಿದ್ದಲಿನಿಂದ ಮೆಥನಾಲ್ ಮಾಡಿ, ಅದರಿಂದ ಓಲಿಫಿನ್ ತೆಗೆಯತೊಡಗಿದರು. ಮೆಥನಾಲು ನಡುದಾರಿಯಲ್ಲಿ ಈಥರ್ ಆಗಿಯೇ ಮುಂದೆ ಸಾಗುತ್ತದೆ.”

ಈಗ ಆ ಉತ್ಸಾಹವಿರಲಿಲ್ಲ. ಬೇಗ ಫಲ ಕಾಣಬೇಕೆಂದು ಅವಳು ಉರಿಯನ್ನು ಏರಿಸಿದ್ದಳು. ಬಿಳಿಯ ವೇಗವರ್ಧಕ ಕೆಲವೇ ಗಂಟೆಗಳಲ್ಲಿ ಕಪ್ಪಾಗಿ ಸತ್ತಿತು. ಸಂಶೋಧನೆಯನ್ನು ಬಿಡುವೆನೆಂದು ಬರೆದ ಪತ್ರ ಚೀಲದಲ್ಲಿತ್ತು.

ಅಜ್ಜಿ ಹಾಲು ಸೀದ ಪಾತ್ರೆಯನ್ನು ಉಜ್ಜುತ್ತಲೇ ಎಲ್ಲವನ್ನೂ ಕೇಳಿಕೊಂಡರು. ಶಾಖ 400ರಿಂದ 500 ಡಿಗ್ರಿ ಸೆಲ್ಸಿಯಸ್‌ನೊಳಗೆ ಏರಿದಂತೆ ಎಥಿಲೀನಿನ ಪಾಲು ಹೆಚ್ಚುತ್ತದೆ, ಇಳಿದರೆ ಪ್ರೊಪಿಲೀನಿನದು. ಅತಿಯಾದರೆ ಮೀಥೇನೂ ಮಸಿಯೂ ಗಂಟು ಬೀಳುತ್ತವೆ. ಒತ್ತಡ ಹೆಚ್ಚಿದರೆ ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ದೊಡ್ಡವಾಗುತ್ತವೆ. ಅನಿಲ ಬೇಗ ಹಾದುಹೋದರೆ ಈಥರ್ ಹಾಗೆಯೇ ಉಳಿಯುತ್ತದೆ. ಹೆಚ್ಚು ಹೊತ್ತು ನಿಂತರೆ ಹುಟ್ಟಿದ ಓಲಿಫಿನ್ನೂ ಬೇರೆಯಾಗಿ ಮಾರ್ಪಡುತ್ತದೆ. ಜೊತೆಗೆ ನೀರಾವಿಯನ್ನು ಬಿಟ್ಟರೆ ಮಸಿ ಕಟ್ಟುವುದು ತಡವಾಗುತ್ತದೆ. ಸಾಪೋ-34 ಎಂಬ ವೇಗವರ್ಧಕದ ಬಾಗಿಲುಗಳು ನಾಲ್ಕು ಆಂಗ್‌ಸ್ಟ್ರಾಂಗಿಂತ ಕಿರಿದು. ಸಣ್ಣ ಅಣುಗಳು ಹೊರಬರುತ್ತವೆ, ಒಳಗೆ ಬೆಳೆದ ದೊಡ್ಡವು ಸೆರೆಯಾಗಿ ಮಸಿಯಾಗುತ್ತವೆ.

“ಕಪ್ಪಾದದ್ದು ಆ ಪುಡಿಯೋ, ಅದಕ್ಕೆ ಹತ್ತಿದ ಮಸಿಯೋ?” ಎಂದರು ಅಜ್ಜಿ.

“ಮಸಿ. ಬಿಸಿ ಗಾಳಿ ಹಾಯಿಸಿದರೆ ಸುಟ್ಟುಹೋಗುತ್ತದೆ. ಆದರೆ ಮೆಲ್ಲಗೆ ಸುಡಬೇಕು. ಶಾಖ ಮಿತಿಮೀರಿದರೆ ಪುಡಿಯ ಕಟ್ಟಡವೇ ಕುಸಿಯುತ್ತದೆ.”

“ಹಾಗಾದರೆ ಅದು ಸತ್ತಿಲ್ಲ. ಆತುರಪಟ್ಟವಳು ನೀನು.”

ಮೊಮ್ಮಗಳು ಉತ್ತರ ಕೊಡಲಿಲ್ಲ. ಅಜ್ಜಿಯ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡು ತಾನೇ ಉಜ್ಜತೊಡಗಿದಳು. ತಳ ಪೂರ್ತಿ ಬೆಳ್ಳಗಾಗಲಿಲ್ಲ. ಆದರೂ ಮರುದಿನದ ಹಾಲಿಗೆ ಅದೇ ಪಾತ್ರೆ ಒಲೆಯನ್ನೇರಿತು.

ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಪತ್ರ ಮೇಜಿನ ಮೇಲೆಯೇ ಉಳಿದಿತ್ತು. ಅಜ್ಜಿ ಅದನ್ನು ನೋಡಿದರು. ಕರೆದು ನೆನಪಿಸಲು ಮಾತ್ರ ಹೋಗಲಿಲ್ಲ.