ಎಣ್ಣೂರಿಗೆ ಎರಡು ಸಲ

ಎಣ್ಣೂರಿಗೆ ಹೋಗೋಣವೆಂದೊಡನೆ ನಮ್ಮ ಚಿಕ್ಕ ಮಗಳು, “ಅಲ್ಲಿ ಎಣ್ಣೆ ಸಿಕ್ಕುತ್ತದೆಯೇ ಅಪ್ಪ?” ಎಂದು ಕೇಳಿದಳು. ಹೆಸರಿನ ಮೂಲ ಏನೇ ಇರಲಿ, ಮಗುವಿನ ಮಾತು ಪೂರ್ತಿ ಸುಳ್ಳಲ್ಲ. 2017ರ ಜನವರಿ 28ರಂದು ಅಲ್ಲಿಯ ಬಂದರಿನ ಹೊರಗೆ ಎರಡು ಹಡಗುಗಳು ಒಂದಕ್ಕೊಂದು ತಾಕಿ ಎಣ್ಣೆ ಸಮುದ್ರದ ಪಾಲಾಯಿತು. ಜನ ದಡದಲ್ಲಿ ನಿಂತು ಅದನ್ನು ಬಕೆಟ್ಟುಗಳಲ್ಲಿ ಮೊಗೆದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಬಂದಾಗ ಮಣಲಿಯ ಕಡೆಯಿಂದ ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೆ ಹರಿದುಬಂದು ಎಣ್ಣೂರಿನ ಅಳಿವೆಯನ್ನೇ ಕಪ್ಪಾಗಿಸಿತು. ಇಂಥ ಊರಿಗೆ ಸಂಸಾರ ಸಮೇತ ವಿಹಾರಕ್ಕೆ ಹೋಗುವವರುಂಟೇ? ನಾವು ಹೋದೆವು, ಒಂದು ಸಲವಲ್ಲ, ಎರಡು ಸಲ. ಎರಡಕ್ಕೂ ಕಾರಣ ಒಂದು ಕ್ಯಾಮೆರಾ.

ಕ್ಯಾಮೆರಾ ನಮ್ಮದಲ್ಲ. ಸರ್ಕಾರಿ ಕಛೇರಿಯ ಗುಮಾಸ್ತರು ಕೊಳ್ಳುವ ಬೆಲೆಯ ವಸ್ತುವೂ ಅದಲ್ಲ. ಅದು ನಮ್ಮ ಭಾವಮೈದುನನದು. ಹಾಸನದಿಂದ ಮದರಾಸಿಗೆ ಬಂದು, ಎರಡು ವರ್ಷ ಮತ್ತೊಬ್ಬರ ಕೈಕೆಳಗೆ ಮದುವೆಮನೆಗಳಲ್ಲಿ ದೀಪ ಹಿಡಿದು ನಿಂತು, 2024ರ ಜನವರಿಯಲ್ಲಿ ಬ್ಯಾಂಕಿನ ಸಾಲದ ಮೇಲೆ ವೃತ್ತಿಗಾರರು ಹಿಡಿಯುವಂಥ ದೊಡ್ಡ ಕ್ಯಾಮೆರಾ ಕೊಂಡ. (ಊರಿಗೆ ಚೆನ್ನೈ ಎಂದು ಹೆಸರಾಗಿ ಎಷ್ಟೋ ವರ್ಷವಾಯಿತು, ನಮ್ಮ ಬಾಯಿಗೆ ಮದರಾಸು ಬಿಟ್ಟುಹೋಗಿಲ್ಲ.) ಸಾಲಕ್ಕೆ ಜಾಮೀನು ನಿಂತವರು ಯಾರೆಂಬುದನ್ನು ವಾಚಕರು ಊಹಿಸಬಹುದು. ಮಾರ್ಚಿ ತಿಂಗಳಿಗೆ ಮೂರು ಮದುವೆಗಳ ಮುಂಗಡವೂ ಅವನ ಕೈಸೇರಿತ್ತು. ಅದಕ್ಕೆ ಮೊದಲು ಕೈ ಪಳಗಲಿ, ಕೊಕ್ಕರೆಯೋ ಫ್ಲೆಮಿಂಗೊ ಹಕ್ಕಿಯೋ ಸಿಕ್ಕೀತು ಎಂದು ಫೆಬ್ರವರಿಯ ಒಂದು ಭಾನುವಾರ ನಮ್ಮನ್ನೆಲ್ಲ ಎಬ್ಬಿಸಿ ಹೊರಡಿಸಿದ.

ಮೂರ್ ಮಾರ್ಕೆಟ್ ಕಾಂಪ್ಲೆಕ್ಸಿನಲ್ಲಿ ಗುಮ್ಮಿಡಿಪೂಂಡಿಯ ಕಡೆಯ ಲೋಕಲ್ ರೈಲು ಹತ್ತಿದೆವು. ಕೊರುಕ್ಕುಪೇಟೆ, ತಂಡಯಾರಪೇಟೆ, ತಿರುವೊಟ್ಟಿಯೂರು ದಾಟಿದರೆ ವಿಮ್ಕೊ ನಗರ; ಬೆಂಕಿಪೊಟ್ಟಣದ ಕಾರ್ಖಾನೆಯ ಹೆಸರೇ ನಿಲ್ದಾಣಕ್ಕೂ ನಿಂತಿದೆ. ನಮ್ಮೂರಿನ ಬಸ್ಸುಗಳ ಮೂತಿಯ ಮೇಲೆ ಓದಿದ ಲೇಲ್ಯಾಂಡ್ ಎಂಬ ಹೆಸರಿನ ತವರೂ ಇದೇ ದಿಕ್ಕು. 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಆರಂಭವಾಗಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಕಾರ್ಖಾನೆ ಎಣ್ಣೂರಿನದು. ಕತ್ತಿವಾಕ್ಕಂ ಕಳೆದು ಎಣ್ಣೂರಿನಲ್ಲಿ ಇಳಿದು ಆಟೋ ಹಿಡಿದು ಅಳಿವೆಯ ದಡ ಸೇರಿದಾಗ ಬಿಸಿಲು ಇನ್ನೂ ಎಳೆಯದು.

ಕೊಸಸ್ತಲೈ ನದಿ ಬಂಗಾಳ ಕೊಲ್ಲಿಯನ್ನು ಸೇರುವ ಜಾಗ ಅದು. ನೀರು ಅಗಲವಾಗಿ ಹರಡಿ ಮಲಗಿದೆ. ಆಚೆ ದಡದಲ್ಲಿ ಉತ್ತರ ಚೆನ್ನೈ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕೊಳವೆಗಳು ಆಕಾಶಕ್ಕೆ ಚುಚ್ಚಿ ನಿಂತಿವೆ. ಬಂದರಿನ ಕಡೆಗೆ ತಿರುಗಿದರೆ ಕ್ರೇನುಗಳು. ಕಾಂಡ್ಲಾ ಗಿಡಗಳ ಕಾಂಡದ ಮೇಲೆ ಮೊಳಕಾಲೆತ್ತರಕ್ಕೆ ಒಂದು ಕಪ್ಪು ಗೆರೆ. ಡಿಸೆಂಬರಿನ ಎಣ್ಣೆ ಎಲ್ಲಿಯವರೆಗೆ ಏರಿತ್ತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ನೀರಿನಲ್ಲಿ ಎದೆಮಟ್ಟ ಕುಳಿತ ಹೆಂಗಸರು ತಳದ ಕೆಸರನ್ನು ಕೈಯಿಂದ ತಡವಿ ತಡವಿ ಸೀಗಡಿ ಹಿಡಿದು, ಹಲ್ಲಿನಲ್ಲಿ ಕಚ್ಚಿಕೊಂಡ ಚೀಲಕ್ಕೆ ಹಾಕುತ್ತಿದ್ದರು. ವಿದ್ಯುತ್ ಸ್ಥಾವರಗಳ ಹಾರುಬೂದಿ ಕೊಳವೆಗಳಿಂದ ಸೋರಿ ವರ್ಷಗಟ್ಟಲೆ ಈ ಕೆಸರಿಗೆ ಸೇರಿದೆ. ನಮ್ಮ ಮನೆಯವರು ಬುತ್ತಿ ಬಿಚ್ಚುವುದನ್ನು ಮರೆತು ಅವರನ್ನೇ ನೋಡುತ್ತ ನಿಂತರು.

ಫ್ಲೆಮಿಂಗೊ ಕಾಣಲಿಲ್ಲ. ಆದರೆ ದೋಣಿಯಿಂದ ಬೀಸುಬಲೆ ಎಸೆಯುತ್ತಿದ್ದ ಒಬ್ಬ ಮುದುಕರು ಸಿಕ್ಕಿದರು. ನಮ್ಮ ಹುಡುಗ ಪಟ ತೆಗೆಯುವುದನ್ನು ಕಂಡು ದೋಣಿಯನ್ನು ದಡಕ್ಕೆ ತಂದರು. “ಮೊಮ್ಮಗನ ಮೊಬೈಲಿನಲ್ಲಿ ಬಲೆ ಬರುತ್ತದೆ ತಂಬಿ, ಮುಖ ಬರುವುದಿಲ್ಲ. ಬಲೆ ಬಿಚ್ಚಿಕೊಂಡಿರುವಾಗ ನನ್ನ ಮುಖವೂ ಬರಬೇಕು. ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಒಂದು ಕೊಡು” ಎಂದರು. ಅದಕ್ಕೇನು ಪೆರಿಯವರೇ ಎಂದು ಇವನು ಮಾತು ಕೊಟ್ಟ. ಹನ್ನೊಂದು ಗಂಟೆಯವರೆಗೆ ಅವರು ಎಸೆದದ್ದೇ ಎಸೆದದ್ದು, ಇವನು ಹಿಡಿದದ್ದೇ ಹಿಡಿದದ್ದು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಮುದುಕರ ಮುಖ ಮಂಜು, ಹಿಂದಿನ ದಡದ ಕೊಳವೆಗಳು ಸ್ಫುಟ! ಕೊಳವೆಗೆ ಹಾಕಿದ ಬಣ್ಣದ ಪಟ್ಟಿಗಳನ್ನು ಎಣಿಸಬಹುದು. ಮುದುಕರ ಮೂಗು ಯಾವುದು, ಮೀಸೆ ಯಾವುದು ತಿಳಿಯದು. ಬೆಳಗಿನ ಮೊದಲ ನಾಲ್ವತ್ತು ಚಿತ್ರಗಳು ಮಾತ್ರ ಸರಿಯಾಗಿದ್ದವು. ಬಿಸಿಲೇರಿದಂತೆ ಒಂದೊಂದಾಗಿ ಕೆಟ್ಟಿದ್ದವು.

ಇಲ್ಲಿ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ನಾವೂ ಆಗಲೇ ಕಲಿತದ್ದು. ಈ ಜಾತಿಯ ಕ್ಯಾಮೆರಾದೊಳಗೆ ಓರೆಯಾಗಿ ನಿಂತ ಒಂದು ಕನ್ನಡಿ ಬಿಂಬವನ್ನು ಮೇಲಕ್ಕೆ, ನಾವು ಕಣ್ಣಿಡುವ ಕಿಂಡಿಗೆ ಕಳುಹಿಸುತ್ತದೆ. ಅದರ ನಡುಭಾಗ ಸ್ವಲ್ಪ ಬೆಳಕನ್ನು ಒಳಕ್ಕೂ ಬಿಡುತ್ತದೆ. ಹಿಂದೆ ಅಡಗಿರುವ ಮತ್ತೊಂದು ಪುಟ್ಟ ಕನ್ನಡಿ ಆ ಬೆಳಕನ್ನು ತಳದಲ್ಲಿರುವ ಆಟೋಫೋಕಸ್ ಸಂವೇದಕಕ್ಕೆ ಇಳಿಸುತ್ತದೆ. ಅಲ್ಲಿ ಒಂದೇ ವಸ್ತುವಿನ ಎರಡು ಬಿಂಬಗಳನ್ನು ಹೋಲಿಸಿ, ಅವುಗಳ ಅಂತರದಿಂದ ಮಸೂರ ಎಷ್ಟು ಸರಿಯಬೇಕೆಂಬ ಲೆಕ್ಕ ನಡೆಯುತ್ತದೆ. ಪ್ರತಿ ಪಟಕ್ಕೂ ಎರಡು ಕನ್ನಡಿಗಳೂ ಮಡಚಿ ಮೇಲೆದ್ದು ಮತ್ತೆ ಅದೇ ಜಾಗಕ್ಕೆ ಇಳಿಯಬೇಕು. ಪುಟ್ಟ ಕನ್ನಡಿ ಕೂದಲೆಳೆಯಷ್ಟು ತಪ್ಪಿ ಕುಳಿತರೂ ಲೆಕ್ಕ ತಪ್ಪಿತು. ಹಿಂಬದಿಯ ತೆರೆಯಲ್ಲಿ ನೋಡಿ ಹಿಡಿಯುವಾಗ ಈ ಕನ್ನಡಿಗಳ ಸಹವಾಸವಿಲ್ಲ. ಚಿತ್ರ ಹಿಡಿಯುವ ಸಂವೇದಕವೇ ನೇರವಾಗಿ ನೋಡುತ್ತದೆ.

ಆದ್ದರಿಂದ ತಾರಸಿಯ ಮೇಲೆ ಪರೀಕ್ಷೆ ಹೂಡಿದೆವು. ನಮ್ಮ ಸಂಘದ ಈ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನೇ ಮಣೆಗೆ ಅಂಟಿಸಿ ಓರೆಯಾಗಿ ನಿಲ್ಲಿಸಿ, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ನಡುವಿನ ಒಂದು ಸಾಲಿಗೆ ಗುರಿ. ತೆರೆಯಿಂದ ಹಿಡಿದರೆ ಆ ಸಾಲೇ ಸ್ಫುಟ. ಕಿಂಡಿಯಿಂದ ಹಿಡಿದರೆ ನೆರಳಿನಲ್ಲಿ ಅದೇ ಸಾಲು. ಅರ್ಧ ಗಂಟೆ ಬಿಸಿಲಿನಲ್ಲಿಟ್ಟ ಮೇಲೆ ಒಮ್ಮೊಮ್ಮೆ ಐದಾರು ಸಾಲು ಹಿಂದಕ್ಕೆ. ಎರಡು ಮಸೂರಗಳಲ್ಲಿಯೂ ಅದೇ ಕಥೆ. ಅಲ್ಲಿಗೆ ಮಸೂರ ನಿರಪರಾಧಿ.

ಕಂಪೆನಿಯ ದುರಸ್ತಿ ಕೇಂದ್ರಕ್ಕೆ ಕೊಟ್ಟೆವು. ಕಂಪೆನಿಯ ಹೆಸರು ಇಲ್ಲಿ ಬೇಡ. ಒಂಬತ್ತು ದಿನದ ಮೇಲೆ ಕ್ಯಾಮೆರಾ ಒಂದು ಚೀಟಿಯೊಡನೆ ಹಿಂತಿರುಗಿತು: “ಪರೀಕ್ಷಿಸಲಾಗಿದೆ. ನಿಗದಿತ ಮಿತಿಯೊಳಗಿದೆ. ದೋಷ ಕಂಡುಬಂದಿಲ್ಲ.” ಓದಿ ನಮಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಇಂಥ ವಾಕ್ಯಗಳನ್ನು ಕಛೇರಿಯಲ್ಲಿ ಕುಳಿತು ನಾವೇ ಎಷ್ಟು ಬರೆದಿಲ್ಲ! ತಂಪು ಯಂತ್ರ ಹಾಕಿದ ಕೋಣೆಯಲ್ಲಿ ನೋಡಿದರೆ ಬಿಸಿಲಿನ ದೋಷ ಕಾಣುವುದಾದರೂ ಹೇಗೆ?

ಇಂಥದ್ದು ಹಿಂದೆಯೂ ಆಗಿದೆ. 2007ರಲ್ಲಿ ಬಂದ ಕ್ಯಾನನ್ ಕಂಪೆನಿಯ 1ಡಿ ಮಾರ್ಕ್ 3 ಸೆಕೆಂಡಿಗೆ ಹತ್ತು ಚಿತ್ರ ಹಿಡಿಯುವ ಯಂತ್ರ. ಬಿಸಿಲಿನಲ್ಲಿ, ಸೆಕೆಯಲ್ಲಿ, ಓಡುವ ಆಟಗಾರರ ಮೇಲೆ ಅದರ ದೃಷ್ಟಿ ನಿಲ್ಲುವುದಿಲ್ಲವೆಂದು ವೃತ್ತಿಗಾರರು ಚಿತ್ರಗಳ ಸಮೇತ ದೂರಿದರು. ಅದೇ ವರ್ಷ ಕಂಪೆನಿ ಆ ಪುಟ್ಟ ಕನ್ನಡಿಯ ಜೋಡಣೆಯಲ್ಲಿ ದೋಷವಿದೆಯೆಂದು ಹೇಳಿ, ಖರ್ಚಿಲ್ಲದೆ ಸರಿಪಡಿಸಿಕೊಡಲು ಮುಂದಾಯಿತು. ನಮ್ಮ ಹುಡುಗನದು ಆ ಮಾದರಿಯಲ್ಲ; ಆದರೂ ಓದಿ ಧೈರ್ಯ ಬಂದಿತು.

ಮತ್ತೆ ಅರ್ಜಿ ಬರೆಯಬೇಕು, ಪುರಾವೆ ಲಗತ್ತಿಸಬೇಕು. ಆ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆದರೆ ತೊಡಕು ಬಂದದ್ದು ಅಲ್ಲಿಯೇ. ತಾರಸಿಯ ಪರೀಕ್ಷೆಯಲ್ಲಿ ತಪ್ಪು ಕಂಡದ್ದು ಒಮ್ಮೊಮ್ಮೆ ಮಾತ್ರ. ಹೊತ್ತೇರಿದಂತೆ ಚಿತ್ರ ಕೆಡುವುದನ್ನು ಸಾಲಾಗಿ ತೋರಿಸುವುದು ಎಣ್ಣೂರಿನ ಪಟಗಳೇ. ಅವನ್ನು ಕೊಟ್ಟರೆ ಸಮುದ್ರದ ದಡವೂ ಕಾಣುತ್ತದೆ. ಉಪ್ಪುನೀರಿನಿಂದಾದ ಹಾನಿ ವಾರಂಟಿಗೆ ಸೇರದೆಂದು ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿದೆ. “ಭಾವ, ಎಣ್ಣೂರಿನ ಮಾತೇ ಬೇಡ. ತಾರಸಿ ಎಂದು ಬರೆದುಬಿಡಿ” ಎಂದ ಹುಡುಗ. ಜಾಮೀನುದಾರರಿಗೂ ಅದೇ ಸರಿ ಎನಿಸಿತೆಂದು ಒಪ್ಪಿಕೊಳ್ಳಬೇಕು. ನಮ್ಮ ಮನೆಯವರು ಮಾತ್ರ, “ಉಪ್ಪು ಹೋಗಿದ್ದರೆ ಬಿಚ್ಚಿದಾಗ ತಿಳಿಯದೆ ಇರುತ್ತದೆಯೇ? ಆಮೇಲೆ ನೀವು ಹೇಳಿದ ನಿಜವನ್ನೂ ಯಾರು ನಂಬುತ್ತಾರೆ?” ಎಂದರು. ಅರ್ಜಿ ಎರಡು ದಿನ ಮೇಜಿನ ಮೇಲೆಯೇ ಕುಳಿತಿತ್ತು. ಮೂರನೆಯ ದಿನ ‘ಸ್ಥಳ: ಎಣ್ಣೂರು ಅಳಿವೆ’ ಎಂದು ಬರೆದು, ಚಿತ್ರ ಹಿಡಿದ ವೇಳೆಗಳ ಪಟ್ಟಿ ಸೇರಿಸಿ, ಬಿಸಿಲಿನಲ್ಲಿಟ್ಟು ಪರೀಕ್ಷಿಸಿರೆಂದು ಕೆಳಗೆ ಗೆರೆ ಎಳೆದು ಕಳುಹಿಸಿದೆವು.

ಈ ಸಲ ಇಪ್ಪತ್ತಮೂರು ದಿನ. ಮಾರ್ಚಿಯ ಮೂರು ಮದುವೆಗಳಲ್ಲಿ ಎರಡನ್ನು ಹುಡುಗ ಬಾಡಿಗೆ ಕ್ಯಾಮೆರಾದಲ್ಲಿ ಮಾಡಿದ. ಮೂರನೆಯವರು ಮುಂಗಡ ಹಿಂದಕ್ಕೆ ಪಡೆದರು. ಆ ತಿಂಗಳ ಕಂತು ಯಾರು ಕಟ್ಟಿದರೆಂದು ಹೇಳುವ ಅಗತ್ಯವಿಲ್ಲ. ಕೊನೆಗೆ ಕ್ಯಾಮೆರಾ ಬಂದಿತು. ಪುಟ್ಟ ಕನ್ನಡಿ ಇಳಿದು ಕೂರುವ ಆಧಾರವನ್ನು ಬದಲಿಸಿ, ಹೊಂದಿಸಿ, ವಾರಂಟಿಯಲ್ಲಿಯೇ ಸರಿಪಡಿಸಿದ್ದರು. ಹೊರಮೈಯ ಸಂದುಗಳಲ್ಲಿ ಉಪ್ಪು ಕಂಡಿತೆಂದೂ ಒಳಗೆ ಇಳಿದಿಲ್ಲವೆಂದೂ ಬರೆದು, ಶುಚಿ ಮಾಡಿದ್ದಕ್ಕೆ ಮಾತ್ರ ಹಣ ಕೇಳಿದ್ದರು. ಮರುಮಾತಾಡದೆ ಕೊಟ್ಟೆವು.

ಏಪ್ರಿಲಿನಲ್ಲಿ ಮತ್ತೆ ಎಣ್ಣೂರು. ಬೇಕೆಂದೇ ಬಿಸಿಲೇರಿದ ಮೇಲೆ ಹೋದೆವು. ಮುದುಕರು ಗುರುತು ಹಿಡಿದು, “ಪಟ ಎಲ್ಲಿ?” ಎಂದರು. ನಡೆದದ್ದನ್ನು ಹುಡುಗ ತನ್ನ ಹರಕು ತಮಿಳಿನಲ್ಲಿ ಹೇಳಿದ. “ಅದಕ್ಕೂ ಬಿಸಿಲು ತಡೆಯುವುದಿಲ್ಲವೇ?” ಎಂದು ನಕ್ಕು ದೋಣಿ ಹತ್ತಿದರು. ಬಲೆ ಗಾಳಿಯಲ್ಲಿ ಬಿಚ್ಚಿಕೊಂಡಿತು. ತೆರೆಯ ಮೇಲೆ ದೊಡ್ಡದು ಮಾಡಿ ನೋಡಿದೆವು: ಗಲ್ಲದ ಬಿಳಿಗೂದಲು, ಹುಬ್ಬಿನ ಮೇಲಿನ ಬೆವರು, ಬಲೆಯಂಚಿನ ಸೀಸದ ಗುಂಡುಗಳು, ಎಲ್ಲ ಸ್ಫುಟ. ಹನ್ನೆರಡೂವರೆಯಾದರೂ ಒಂದೂ ತಪ್ಪಲಿಲ್ಲ.

ಮುದುಕರು ಬಹಳ ಹೊತ್ತು ನೋಡಿದರು. “ಬಲೆಯ ಹರಕು ಕೂಡ ಬಂದಿದೆ” ಎಂದರು. ಆಮೇಲೆ, “ಆ ಕೊಳವೆ ಬೇಡ ತಂಬಿ. ದಿನಾ ನೋಡುವುದಿದ್ದೇ ಇದೆ, ಮನೆಯ ಗೋಡೆಯ ಮೇಲೂ ಯಾಕೆ?” ಎಂದರು. ಹುಡುಗ ಬಲಕ್ಕೆ ಸರಿದ, ಕ್ರೇನುಗಳು ಬಂದವು. ಎಡಕ್ಕೆ ಸರಿದ, ವಿದ್ಯುತ್ ಗೋಪುರ. ಕೊನೆಗೆ ಮುದುಕರನ್ನು ದಡದ ಅಂಚಿನಲ್ಲಿ ನಿಲ್ಲಿಸಿ ತಾನು ಕೆಸರಿನಲ್ಲಿ ಅಂಗಾತ ಮಲಗಿಬಿಟ್ಟ. “ಅಯ್ಯೋ, ವಾರಂಟಿ!” ಎಂದು ನಾವು ಕೂಗಿದೆವು. ನಮ್ಮ ಮನೆಯವರು ಬುತ್ತಿಯ ಟವೆಲನ್ನೇ ಎಸೆದರು. ಅದನ್ನು ಅವನು ಕ್ಯಾಮೆರಾಕ್ಕೆ ಸುತ್ತಿಕೊಂಡ, ತನಗಲ್ಲ.

ಅಂಗಿಗೆ ಹತ್ತಿದ ಬೂದಿಬಣ್ಣ ಎರಡು ಒಗೆತಕ್ಕೂ ಬಿಡಲಿಲ್ಲ. ಪಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ದಡದ ಚಹಾ ಅಂಗಡಿಯ ವಿಳಾಸಕ್ಕೆ ಕಳುಹಿಸಿದೆವು. ಅದರಲ್ಲಿ ಮುದುಕರಿದ್ದಾರೆ, ಬಲೆಯಿದೆ, ಹಿಂದೆ ಆಕಾಶವಿದೆ. ಒಂದು ಮೂಲೆಯಲ್ಲಿ ಟವೆಲಿನ ತುದಿಯೂ ಬಂದಿದೆ. ಅದನ್ನು ಕತ್ತರಿಸುವುದು ಬೇಡವೆಂದು ಮಗಳು ಹಟ ಹಿಡಿದಳು.