ಫ್ರೆಡ್ಡಿಯ ಮನೆಯಲ್ಲಿ ಯಾವ ಭಾಷೆ?

‘ಸಿಐಡಿ’ ನೋಡುತ್ತ ಬೆಳೆದವರು ನಾಲ್ಕು ಜನ ಸೇರಿದರೆ ಒಂದು ವಾದ ಹುಟ್ಟಿಯೇ ಹುಟ್ಟುತ್ತದೆ. ಆ ತಂಡದಿಂದ ಒಬ್ಬರನ್ನು ಎತ್ತಿಕೊಂಡು ಅವರದೇ ಒಂದು ಸರಣಿ ಮಾಡುವುದಾದರೆ ಅದು ಯಾರಿಗೆ ಸಲ್ಲಬೇಕು? ಟಿವಿಯವರು ಇದಕ್ಕೆ ಸ್ಪಿನ್‌ಆಫ್ ಎನ್ನುತ್ತಾರೆ. ನಾನು ಕವಲು ಸರಣಿ ಎನ್ನುತ್ತೇನೆ. ಬುಡ ಒಂದೇ, ಬೆಳೆಯುವ ದಿಕ್ಕು ಬೇರೆ.

ಹತ್ತರಲ್ಲಿ ಏಳು ಮಂದಿ ದಯಾ ಎನ್ನುತ್ತಾರೆ. ಇಬ್ಬರು ಅಭಿಜೀತ್ ಎನ್ನುತ್ತಾರೆ. ಒಬ್ಬರು ಡಾಕ್ಟರ್ ಸಾಳುಂಖೆಯ ಪ್ರಯೋಗಾಲಯವೇ ಸಾಕು ಎನ್ನುತ್ತಾರೆ. ನಾನು ಫ್ರೆಡ್ಡಿ ಎನ್ನುತ್ತೇನೆ, ಎಲ್ಲರೂ ನಗುತ್ತಾರೆ. ಆ ನಗುವಿನ ಬಗ್ಗೆಯೇ ಈ ಬಾರಿ ಬರೆಯಬೇಕೆನಿಸಿತು.

ನೆನಪು ಮಸುಕಾದವರಿಗೆ ಒಂದೆರಡು ಮಾತು. ‘ಸಿಐಡಿ’ ಸೋನಿ ವಾಹಿನಿಯಲ್ಲಿ ಶುರುವಾದದ್ದು 1998ರ ಜನವರಿಯಲ್ಲಿ. 2018ರವರೆಗೆ ಇಪ್ಪತ್ತು ವರ್ಷ, 1,500ಕ್ಕೂ ಹೆಚ್ಚು ಕಂತು ನಡೆಯಿತು. 2024ರ ಡಿಸೆಂಬರಿನಲ್ಲಿ ಮತ್ತೆ ಬಂತು. ಎಸಿಪಿ ಪ್ರದ್ಯುಮನ್ ಆಗಿ ಶಿವಾಜಿ ಸಾಟಮ್, ಅಭಿಜೀತ್ ಆಗಿ ಆದಿತ್ಯ ಶ್ರೀವಾಸ್ತವ, ದಯಾ ಆಗಿ ನಮ್ಮ ತುಳುನಾಡು ಮೂಲದ ದಯಾನಂದ ಶೆಟ್ಟಿ. ಇವರ ಪಕ್ಕದಲ್ಲಿ, ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ, ಇನ್‌ಸ್ಪೆಕ್ಟರ್ ಫ್ರೆಡರಿಕ್ಸ್. ಎಲ್ಲರ ಬಾಯಲ್ಲಿ ಫ್ರೆಡ್ಡಿ. ದೆವ್ವಕ್ಕೆ ಹೆದರುವವನು, ಹೆಂಡತಿಗೆ ಹೆದರುವವನು, ತಪ್ಪು ಹೊತ್ತಿನಲ್ಲಿ ತಪ್ಪು ಊಹೆ ಮಾಡುವವನು. ಆ ಪಾತ್ರ ಮಾಡಿದವರು ದಿನೇಶ್ ಫಡ್ನಿಸ್.

ದಯಾನ ಪರ ವಾದ ಮಾಡುವವರ ಬಳಿ ಗಟ್ಟಿ ಸಾಕ್ಷಿಯಿದೆ. ‘ದಯಾ, ದರ್ವಾಜಾ ತೋಡ್ ದೋ’ ಎಂಬ ಮಾತು ಗೊತ್ತಿಲ್ಲದ ಮನೆ ಈ ದೇಶದಲ್ಲಿ ಕಡಿಮೆ. ಆದರೆ ಆ ಮಾತನ್ನು ಸ್ವಲ್ಪ ಗಮನಿಸಿ. ಅದು ದಯಾನ ಮಾತಲ್ಲ, ದಯಾಗೆ ಹೇಳಿದ ಮಾತು. ವಿಭಕ್ತಿಯ ಲೆಕ್ಕದಲ್ಲಿ ಅವನು ಇಪ್ಪತ್ತು ವರ್ಷ ಸಂಬೋಧನೆಯಲ್ಲೇ ಉಳಿದ. ಯಾರೋ ಕರೆಯಬೇಕು, ಅವನು ಬಾಗಿಲು ಒಡೆಯಬೇಕು. ಪಕ್ಕದ ಪಾತ್ರ ಎಂದರೆ ಸಾಧಾರಣವಾಗಿ ಇದೇ. ಕವಲು ಸರಣಿ ಎಂದರೆ ಅಂಥವನನ್ನು ಸಂಬೋಧನೆಯಿಂದ ಬಿಡಿಸಿ ವಾಕ್ಯದ ಕರ್ತೃವಾಗಿ ಕೂರಿಸುವುದು. ಜನಪ್ರಿಯತೆ ಇದ್ದ ಮಾತ್ರಕ್ಕೆ ಅದು ಆಗುವುದಿಲ್ಲ.

ಎಲ್ಲಿ ಆಗಿದೆ ನೋಡೋಣ. ‘ಬ್ರೇಕಿಂಗ್ ಬ್ಯಾಡ್’ನಲ್ಲಿ ವಕೀಲ ಸಾಲ್ ಗುಡ್‌ಮನ್ ಮೊದಲು ಕಾಣಿಸಿದ್ದು 2009ರಲ್ಲಿ. ಬಣ್ಣಬಣ್ಣದ ಸೂಟು, ಬಾಯಿ ತುಂಬ ಮಾತು, ನಗೆಗಾಗಿ ಬಂದ ಪಾತ್ರ. ಅದೇ ಮೊದಲ ಕಂತಿನಲ್ಲಿ ಅವನನ್ನು ಮರಳುಗಾಡಿಗೆ ಎಳೆದೊಯ್ದಾಗ, ಜೀವಭಯದಲ್ಲಿ ಎರಡು ಹೆಸರು ಬಾಯಿಬಿಡುತ್ತಾನೆ: ಲಾಲೊ, ಇಗ್ನಾಸಿಯೊ. ಯಾರವರು ಎಂದು ಆ ಸರಣಿ ಹೇಳುವುದಿಲ್ಲ. 2015ರಲ್ಲಿ ಶುರುವಾದ ‘ಬೆಟರ್ ಕಾಲ್ ಸಾಲ್’ ಆ ಎರಡು ಹೆಸರಿಗೆ ಮೈ, ಮನೆ, ಗತಿ ಎಲ್ಲವನ್ನೂ ಕೊಟ್ಟಿತು. ಮೂಲ ಸರಣಿ 62 ಕಂತು, ಕವಲು 63. ನಗೆಯ ಅಡಿಯಲ್ಲಿ ಭಯವಿತ್ತು, ಭಯದ ಹಿಂದೆ ಬದುಕಿತ್ತು. ಬರೆಯುವವರು ಅದನ್ನು ಹಿಡಿದರು.

ಇಂಗ್ಲೆಂಡಿನ ‘ಇನ್‌ಸ್ಪೆಕ್ಟರ್ ಮೋರ್ಸ್’ನಲ್ಲಿ ಸಾರ್ಜೆಂಟ್ ಲೂಯಿಸ್ ಇದ್ದ. ಮೋರ್ಸ್ ಆಕ್ಸ್‌ಫರ್ಡಿನಲ್ಲಿ ಓದಿದವನು, ಒಪೆರಾ ಕೇಳುವವನು. ಲೂಯಿಸ್ ಸಂಸಾರಸ್ಥ, ಉತ್ತರ ಇಂಗ್ಲೆಂಡಿನ ಉಚ್ಚಾರಣೆಯವನು. 2006ರಲ್ಲಿ ‘ಲೂಯಿಸ್’ ಶುರುವಾದಾಗ ಅವನೇ ಇನ್‌ಸ್ಪೆಕ್ಟರ್, ಹೆಂಡತಿಯನ್ನು ಕಳೆದುಕೊಂಡವನು, ಅವನ ಕೈಕೆಳಗೆ ತುಂಬಾ ಓದಿಕೊಂಡ ಒಬ್ಬ ಸಾರ್ಜೆಂಟ್. ಆಜ್ಞೆ ಕೇಳುತ್ತಿದ್ದವನು ಆಜ್ಞೆ ಕೊಡುವ ಜಾಗಕ್ಕೆ ಬಂದ. ಉಚ್ಚಾರಣೆ ಮಾತ್ರ ಅದೇ ಉಳಿಯಿತು. ಮೋರ್ಸ್ 33 ಕಂತು, ಲೂಯಿಸ್ ಕೂಡ 33.

ಎರಡು ಕಡೆಯೂ ನಡೆದದ್ದು ಒಂದೇ. ಪಾತ್ರವನ್ನು ಕೆಲಸದ ಜಾಗದಿಂದ ಅದರ ಮನೆಯವರೆಗೆ ಹಿಂಬಾಲಿಸಿದರು.

ಈ ಮಾತನ್ನು ನನಗೆ ಮೊದಲು ಹೇಳಿದ್ದು ನನ್ನ ಅಜ್ಜಿ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಧಾರವಾಡದಿಂದ ಪುಣೆಗೆ ಬಂದು ಒಂದು ಮಳೆಗಾಲ ನಮ್ಮ ಜೊತೆ ಇದ್ದಳು. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ರಾತ್ರಿ ‘ಸಿಐಡಿ’ ಹಚ್ಚಿದರೆ ನಾನು ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ಕನ್ನಡ ಮಾಡಿ ಹೇಳಬೇಕು. ಲೆಕ್ಕ ಹಿಡಿದರೆ ನನ್ನ ಮೊದಲ ಅನುವಾದದ ಕೆಲಸ ಅದೇ. ಕೊಲೆ ಯಾರು ಮಾಡಿದರು ಎಂಬುದರಲ್ಲಿ ಅಜ್ಜಿಗೆ ಆಸಕ್ತಿ ಕಡಿಮೆ. ಒಂದು ರಾತ್ರಿ ಕೇಳಿದಳು: “ಈ ಅಂಜುಬುರುಕ ಅದಾನಲ್ಲ, ಇವಂಗ ಮನ್ಯಾಗ ಯಾರಾರ ಅದಾರೇನು? ದಿನಾ ಹೆಣ ನೋಡಿ ಬಂದು ಇವ ಹೆಂಗ ಉಣ್ತಾನ?”

“ಅದನ್ನ ತೋರ್ಸಂಗಿಲ್ಲ ಅಜ್ಜಿ.”

“ತೋರಿಸ್ಬೇಕಾದ್ದು ಅದನ್ನ ಅಲ್ಲೇನು?”

ಇಂದು ನಾನು ಹೊಟ್ಟೆಪಾಡಿಗೆ ಉಪಶೀರ್ಷಿಕೆ ಬರೆಯುತ್ತೇನೆ. ಪರದೆಯ ಮೇಲೆ ಎರಡು ಸಾಲು, ಸಾಲಿಗೆ ನಲವತ್ತರ ಆಸುಪಾಸು ಅಕ್ಷರ. ಇಬ್ಬರು ಒಟ್ಟಿಗೆ ಮಾತಾಡಿದರೆ ಜಾಗ ಸಾಲುವುದಿಲ್ಲ. ಆಗ ಮೊದಲು ಕತ್ತರಿ ಬೀಳುವುದು ಪಕ್ಕದ ಪಾತ್ರದ ಮಾತಿಗೆ. ನಾಯಕನ ವಾಕ್ಯ ಪೂರ್ತಿ ಉಳಿಯುತ್ತದೆ. ಹಿಂದೆ ನಿಂತವನು ಗೊಣಗಿದ್ದು, ಬೈದದ್ದು, ಅವನ ಊರಿನ ಒಂದು ಪದ, ಎಲ್ಲ ಹೋಗುತ್ತದೆ. ಅವನು ಯಾವ ಕಡೆಯವನು ಎಂದು ತಿಳಿಯುವುದು ಆ ಒಂದು ಪದದಿಂದಲೇ. ಕೆಲಸದ ನಿಯಮ, ನಾನೂ ಪಾಲಿಸುತ್ತೇನೆ. ಆದರೆ ಯಾರ ಮಾತು ಮೊದಲು ಉದುರುತ್ತದೆ ಎಂಬುದನ್ನು ದಿನವೂ ನೋಡುವವಳಿಗೆ ಫ್ರೆಡ್ಡಿ ಬರೀ ನಗೆಪಾತ್ರವಾಗಿ ಕಾಣುವುದಿಲ್ಲ.

ಒಮ್ಮೆ ಆ ಬ್ಯೂರೋದ ಮಾತು ಕೇಳಿಸಿಕೊಳ್ಳಿ. ಊರು ಮುಂಬೈ. ಪ್ರದ್ಯುಮನ್, ಸಾಳುಂಖೆ, ಅಭಿಜೀತ್, ಫ್ರೆಡರಿಕ್ಸ್ ಎಲ್ಲರೂ ಒಂದೇ ಚೊಕ್ಕ ಹಿಂದಿಯಲ್ಲಿ ಮಾತಾಡುತ್ತಾರೆ. ಕಚೇರಿಯ ಭಾಷೆ ಅದೇ ಇರಲಿ. ಆದರೆ ಫ್ರೆಡರಿಕ್ಸ್ ಎಂಬ ಮುಂಬೈಕರ ಕ್ರೈಸ್ತ ರಾತ್ರಿ ಮನೆಗೆ ಹೋಗಿ ಯಾವ ಭಾಷೆಯಲ್ಲಿ ಊಟ ಕೇಳುತ್ತಾನೆ? ಕೊಂಕಣಿಯೇ? ಮರಾಠಿಯೇ? ವಸಯಿ ಕಡೆಯ ಹಳೆಯ ಆಡುನುಡಿಯೇ? ಅವನ ಹೆಂಡತಿಯ ಮಾತು ಸರಣಿಯಲ್ಲಿ ಬರುತ್ತಿತ್ತು, ಆದರೆ ನಗೆಗಾಗಿ ಬರುತ್ತಿತ್ತು.

ದೆಹಲಿಯಲ್ಲೋ ಹೈದರಾಬಾದಿನಲ್ಲೋ ಕೂತು ಇದನ್ನು ಓದುತ್ತಿರುವ ನಿಮಗೆ ಇದು ಹೊಸದಲ್ಲ. ನಾವೂ ಹಗಲೆಲ್ಲ ಯಾರದೋ ಭಾಷೆಯಲ್ಲಿ ಪಕ್ಕದ ಪಾತ್ರ ಮಾಡಿ, ಸಂಜೆ ಬಾಗಿಲು ಹಾಕಿಕೊಂಡ ಮೇಲೆ ಕನ್ನಡಕ್ಕೆ ಬರುವವರು. ಕಚೇರಿಯಲ್ಲಿ ನಮ್ಮನ್ನು ಬಲ್ಲವರು ನಮ್ಮ ಒಂದು ಅರ್ಧವನ್ನಷ್ಟೇ ಬಲ್ಲರು. ಆ ಅರ್ಧದಲ್ಲಿ ನಾವು ಸ್ವಲ್ಪ ತಡವರಿಸುವವರು, ಜೋಕಿಗೆ ತಡವಾಗಿ ನಗುವವರು. ಪೂರ್ತಿ ವಾಕ್ಯ ಮಾತಾಡುವುದು ಮನೆಯಲ್ಲಿ.

ಆಕ್ಷೇಪ ಒಂದಿದೆ, ಅದು ಹಗುರವಾದದ್ದಲ್ಲ. ಹಾಸ್ಯದ ಪಾತ್ರ ಚಟ್ನಿಯಂತೆ, ಅದನ್ನೇ ಅನ್ನ ಮಾಡಿಕೊಂಡು ಉಣ್ಣಲಾಗದು. ಯಕ್ಷಗಾನದಲ್ಲಿ ಸುಧನ್ವನಿಗೂ ಬಭ್ರುವಾಹನನಿಗೂ ಅವರವರದೇ ಕಾಳಗದ ಪ್ರಸಂಗವಿದೆ. ಮಹಾಭಾರತದ ಅಂಚಿನವರಿಗೆ ಇಡೀ ರಾತ್ರಿ ಬಿಟ್ಟುಕೊಟ್ಟ ರಂಗಭೂಮಿ ಅದು. ಆದರೆ ಹಾಸ್ಯಗಾರನ ದೂತನೋ ಬಾಗಿಲು ಕಾಯುವವನೋ ಪ್ರಸಂಗದ ನಾಯಕನಾಗುವುದಿಲ್ಲ. ಬಂದು, ನಗಿಸಿ, ಹೋಗುತ್ತಾನೆ. ಫ್ರೆಡ್ಡಿಯ ಪೆದ್ದುತನವನ್ನೇ ಹಿಗ್ಗಿಸಿ ಇಪ್ಪತ್ತು ಕಂತು ಮಾಡಿದರೆ ಮೂರನೆಯದಕ್ಕೆ ನಾನೇ ಎದ್ದು ಹೋಗುತ್ತೇನೆ.

ಆದರೆ ನಾನು ಕೇಳುವುದು ಅದನ್ನಲ್ಲ. ನಮ್ಮ ಅಪರಾಧ ಕಥೆಗಳಲ್ಲಿ ಹೆದರದ ಪೊಲೀಸರು ಸಾಕಷ್ಟು ಇದ್ದಾರೆ. ದಯಾನಿಗಂತೂ ‘ಸಿಂಗಂ’ ಸಿನಿಮಾಗಳಲ್ಲೂ ಜಾಗ ಸಿಕ್ಕಿತು. ಹೆದರುತ್ತಲೇ ಇಪ್ಪತ್ತು ವರ್ಷ ಪ್ರತಿದಿನ ಡ್ಯೂಟಿಗೆ ಹೋದವನ ಕಥೆ ಬಂದಿಲ್ಲ. ಹೆಣ ಕಂಡರೆ ಬೆವರುವವನು, ಮರುದಿನ ಮತ್ತೆ ಇನ್ನೊಂದು ಹೆಣದ ಬಳಿ ನಿಲ್ಲುವವನು. ಧೈರ್ಯ ಎಂಬ ಮಾತಿಗೆ ನನಗೆ ಗೊತ್ತಿರುವ ಅರ್ಥ ಅದೇ.

ದಿನೇಶ್ ಫಡ್ನಿಸ್ 2023ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ತೀರಿಕೊಂಡರು, 57 ವರ್ಷಕ್ಕೆ. ಮರುವರ್ಷ ಸರಣಿ ಮರಳಿದಾಗ ಅವರ ಜಾಗ ಖಾಲಿಯಿತ್ತು. ಇನ್ನೇನು ಕವಲು ಎಂದು ನೀವು ಕೇಳಬಹುದು. ಮೋರ್ಸ್ ಪಾತ್ರ ಮಾಡಿದ ಜಾನ್ ಥಾ 2002ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ‘ಎಂಡೆವರ್’ ಬಂತು, ಯುವಕ ಮೋರ್ಸ್ ಆಗಿ ಶಾನ್ ಇವಾನ್ಸ್. 2023ರವರೆಗೆ ನಡೆಯಿತು. ಪಾತ್ರಕ್ಕೆ ನಟನಿಗಿಂತ ದೊಡ್ಡ ಆಯುಷ್ಯ ಕೊಡುವುದು ಸಾಧ್ಯ, ಬರೆಯುವವರಿಗೆ ಆ ಪಾತ್ರದ ಮೇಲೆ ನಂಬಿಕೆ ಇದ್ದರೆ.

ಯಾರಾದರೂ ಬರೆದರೆ, ಅದು 1998ಕ್ಕಿಂತ ಮುಂಚಿನ ಮುಂಬೈ ಆಗಿರಲಿ. ಪೊಲೀಸ್ ಸೇರಿದ ಮೊದಲ ವರ್ಷ. ಮೊದಲ ಕಂತಿನಲ್ಲಿ ಕೊಲೆ ಬೇಡ. ಮೊದಲ ಹೆಣ ನೋಡಿ ಮನೆಗೆ ಬಂದ ರಾತ್ರಿ ಸಾಕು. ಹಿಂದಿ ಬಾಗಿಲಾಚೆ ಉಳಿಯಲಿ. ಅವನು ತನ್ನ ಮನೆಯ ಭಾಷೆಯಲ್ಲಿ “ನನಗೆ ಊಟ ಬೇಡ” ಎನ್ನಲಿ. ಏಕೆ ಎಂದು ಕೇಳಲು ಒಳಗೆ ಒಬ್ಬರಿರಲಿ.