ಬೆಟ್ಟದ ಮೇಲಿಂದ ದೀಪದ ಅರಮನೆ

ಭಾನುವಾರ ಸಂಜೆ ಏಳು ಗಂಟೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ, ನಗರ ಕಾಣುವ ತಿರುವಿನಲ್ಲಿ ನಿಂತಿದ್ದೆ. ಕೆಳಗೆ ಮಿಣುಕುತ್ತಿದ್ದ ಮೈಸೂರಿನ ನಡುವೆ ಅರಮನೆ ಇದ್ದಕ್ಕಿದ್ದಂತೆ ಚಿನ್ನದ ಬಣ್ಣ ತಳೆಯಿತು. ಸುಮಾರು ಒಂದು ಲಕ್ಷ ಬಲ್ಬುಗಳು! 1897ರಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಎದ್ದು, 1912ರಲ್ಲಿ ಪೂರ್ಣಗೊಂಡ ಕಟ್ಟಡವಿದು. ಈ ದೀಪವೈಭವ ಗಂಟೆ ತುಂಬುವುದರೊಳಗೆ ಮುಗಿಯುತ್ತದೆ. ಚಿತ್ರ ತೆಗೆಯುವವರಿಗೆ ತಡವರಿಸಲು ಸಮಯವಿಲ್ಲ.

ಹಿಂದಿನ ಸಲ ನಾನು ತಡವರಿಸಿದ್ದೆ. ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾದ ಕೇಬಲ್ ರಿಲೀಸ್ ಚೀಲದಲ್ಲಿತ್ತು. ಅದನ್ನು ಕ್ಲಿಕ್ ಗುಂಡಿಯ ನಡುವಿನ ತೂತಿಗೆ ತಿರುಪಿ ಕೂರಿಸಬೇಕು. ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಆ ತೂತೇ ಇಲ್ಲ! ಟ್ರೈಪಾಡಿನ ಮೇಲಿಟ್ಟು ಬೆರಳಿನಿಂದಲೇ ಒತ್ತಿದೆ. ಮನೆಗೆ ಬಂದು ನೋಡಿದರೆ ಪ್ರತಿ ದೀಪಕ್ಕೂ ಒಂದು ಬಾಲ. ಅಪ್ಪ ಕನ್ನಡಕ ಸರಿಪಡಿಸಿಕೊಂಡು, "ಅರಮನೆ ನಡುಗ್ತಾ ಇದೆಯಲ್ಲೋ" ಎಂದರು. ಅವರಿಗೀಗ ಬೆಟ್ಟಕ್ಕೆ ಬರಲಾಗದು. ನಾನು ಒಯ್ದು ತೋರಿಸಿದ್ದಷ್ಟೇ ಅವರ ಪಾಲಿನ ಅರಮನೆ.

ಹಾಗಾಗಿ ಈ ಸಲ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದೆ. ಒಂದೇ ಕಂಪನಿಯ ಎರಡು ಮಾದರಿಗಳಿಗೂ ಸಾಕೆಟ್ ಬೇರೆ ಇರಬಹುದು. ಸಿಕ್ಕಿಸಿ ನೋಡಿಯೇ ಕೊಳ್ಳಬೇಕು. ಇನ್‌ಫ್ರಾರೆಡ್ ರಿಮೋಟ್ ಅಗ್ಗ, ಆದರೆ ಅದರ ಕಿರಣ ತಾಗಬೇಕಾದ ಕಿಂಡಿ ಸಾಮಾನ್ಯವಾಗಿ ಕ್ಯಾಮೆರಾದ ಮುಂಭಾಗದಲ್ಲಿರುತ್ತದೆ, ನಾವು ನಿಲ್ಲುವುದು ಹಿಂದೆ. ರೇಡಿಯೋ ರಿಮೋಟಿಗೆ ಆ ತೊಡಕಿಲ್ಲ, ಬ್ಯಾಟರಿಯ ಚಿಂತೆ ಮಾತ್ರ ಹೆಚ್ಚು. ನಕ್ಷತ್ರಗಳ ಜಾಡು ಹಿಡಿಯುವವರಿಗೆ ತಾನೇ ಎಣಿಸಿ ಕ್ಲಿಕ್ಕಿಸುವ ಟೈಮರ್ ರಿಮೋಟ್ ಬೇಕು. ನನಗೆ ಗುಂಡಿಯನ್ನು ಒತ್ತಿ ಲಾಕ್ ಮಾಡಬಲ್ಲ ಸರಳ ವೈರಿನ ರಿಮೋಟೇ ಸಾಕೆನಿಸಿತು.

ಇದೇಕೆ, ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಸಾಲದೇ ಎಂದು ನೀವು ಕೇಳಬಹುದು. ಅರಮನೆಗೆ ಖಂಡಿತ ಸಾಕು. ಆದರೆ ಹೆಚ್ಚಿನ ಕ್ಯಾಮೆರಾಗಳು ತಾವಾಗಿ 30 ಸೆಕೆಂಡಿನವರೆಗಷ್ಟೇ ಕಣ್ಣು ತೆರೆದಿರುತ್ತವೆ. ಅದಕ್ಕೂ ಮೀರಿದರೆ 'ಬಲ್ಬ್' ವಿಧಾನ. ಹಿಂದೆ ರಬ್ಬರ್ ಬುಗುಟನ್ನು ಹಿಸುಕಿ ಶಟರ್ ತೆರೆಯುತ್ತಿದ್ದ ಕಾಲದ ಹೆಸರದು. ಅಲ್ಲಿ ಬೆರಳಿಟ್ಟು ಕಾಯುವುದು ಆಗದ ಮಾತು.

ಅರಮನೆಗೆ 8 ಸೆಕೆಂಡ್ ಕೊಟ್ಟೆ. ಹೆಚ್ಚಾದರೆ ಗೋಪುರಗಳು ಬರೀ ಬಿಳಿ ಕಲೆ. ಗಾಳಿಗೆ ವೈರು ತೂಗಾಡದಂತೆ ಟ್ರೈಪಾಡಿನ ಕಾಲಿಗೆ ಸುತ್ತಿದ್ದೆ. ದೀಪ ಆರಿದ ಮೇಲೆ ಜನ ಹೊರಟರು. ನಾನು ಉಳಿದು, ಗುಂಡಿ ಲಾಕ್ ಮಾಡಿ, ತೊಂಬತ್ತರವರೆಗೆ ಎಣಿಸಿದೆ. ಕೆಳಗಿನ ರಸ್ತೆಗಳು ಕೆಂಪು, ಹೊನ್ನಿನ ಎಳೆಗಳಾಗಿ ಮೂಡಿದವು.

ಅಪ್ಪ ಎರಡೂ ಚಿತ್ರ ನೋಡಿದರು. ಮೊದಲನೆಯದರ ಮೇಲೆ ಬೆರಳಾಡಿಸಿ, "ಈಗ ನೆಟ್ಟಗೆ ನಿಂತಿದೆ" ಎಂದರು. ಆಮೇಲೆ ಎರಡನೆಯದರಲ್ಲಿ ನಮ್ಮ ಬೀದಿ ಎಲ್ಲಿದೆಯೆಂದು ಬಹಳ ಹೊತ್ತು ಹುಡುಕುತ್ತಾ ಕೂತರು.